ಮುಗಿಲೆತ್ತರದ ಮನೆಗಳಲ್ಲಿ ಕಡಲ ಮೀನು

ಬೆಂಗಳೂರಿಗೂ ಕಡಲಿಗೂ ಎತ್ತಣ ಸಂಬಂಧ? ಊರು ನಿಂತಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಮಂಗಳೂರಿನ ತೀರವೋ ಸುಮಾರು 350 ಕಿಲೋಮೀಟರು ದೂರ. ಕೆರೆಗಳ ಊರೆಂದು ಹೆಸರಾದ ನಗರವಿದು; ಇಲ್ಲಿ ಮೀನೆಂದರೆ ಸಿಹಿನೀರಿನ ಮೀನು. ಆದರೂ ಊರಿನ ಹೊರವಲಯದಲ್ಲಿ, ಪೂರ್ವದ ವೈಟ್‌ಫೀಲ್ಡ್, ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯದ ಪೀಣ್ಯ ಈ ಮೂರೂ ಕಡೆಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಗಳನ್ನು ಸಾಕುವ ಗೃಹಸ್ಥರು ಈಗ ಉಂಟು. ‘ಸಾಕುವ’ ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಮೀನನ್ನು ಸಾಕುವುದಕ್ಕಿಂತ ಮೊದಲು ನೀರನ್ನು ಸಾಕಬೇಕು. ದಸರೆಯ ರಜೆಯಲ್ಲಿ ಈ ಮೂರು ಮೂಲೆಗಳ ಮೂವರು ಮಿತ್ರರ ಮನೆಗಳಿಗೆ ಹೋಗಿಬಂದೆ. ಮೂವರ ಬಯಕೆಯೂ ಒಂದೇ: ಒಂಟಿ ಮೀನು ಬೇಡ, ಗುಂಪಾಗಿ ಈಜುವ ಮೀನು ಬೇಕು. ಪಡೆದ ಫಲ ಮಾತ್ರ ಮೂರು ಬಗೆ.

ವೈಟ್‌ಫೀಲ್ಡಿಗೆ ಈಗ ಮೆಟ್ರೋದಲ್ಲಿ ಹೋಗಬಹುದು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ಣವಾದ ಮೇಲೆ ದಾರಿಯ ಯಾತನೆ ಬಹಳ ತಗ್ಗಿದೆ. ಈ ಊರಿಗೆ ನೆಲ ದೊರೆತದ್ದು 1882ರಲ್ಲಿ. ಆಂಗ್ಲೋ-ಇಂಡಿಯನ್ ಕುಟುಂಬಗಳು ಒಟ್ಟಾಗಿ ನೆಲೆಸಿ ಬೇಸಾಯ ಮಾಡಿಕೊಂಡಿರಲೆಂದು ಮೈಸೂರಿನ ಚಾಮರಾಜೇಂದ್ರ ಒಡೆಯರು ಭೂಮಿಯನ್ನು ದಯಪಾಲಿಸಿದರು, ಡಿ. ಎಸ್. ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಒಂದೇ ಕುಲದವರು ಕೂಡಿ ಬಾಳಲೆಂದು ಹುಟ್ಟಿದ ಆ ಊರಿನಲ್ಲಿ ಇಂದು ಎದುರುಬದುರು ಬಾಗಿಲಿನವರಿಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಅಚ್ಚರಿಯೆಂದರೆ, ಹಾಗಿದ್ದೂ ಜಗಳವಿಲ್ಲ. ಜಗಳವಿದ್ದುದು ನನ್ನ ಮಿತ್ರರ ತೊಟ್ಟಿಯೊಳಗೆ, ಒಂದೇ ಜಾತಿಯ ಮೀನುಗಳ ನಡುವೆ.

ಅವರು ತಂದದ್ದು ಏಳು ಹಸಿರು ಕ್ರೋಮಿಸ್. ಹೆಬ್ಬೆರಳಿನಷ್ಟು ಉದ್ದ, ಎಳೆಯ ಬಾಳೆಯೆಲೆಗೆ ಬಿಸಿಲು ಬಿದ್ದಂಥ ಬಣ್ಣ, ಬೆಲೆಯೂ ಅಗ್ಗ. ಮನೆಯ ಮಗಳು, ಒಂದನೆಯ ತರಗತಿಯವಳು, ಅವಕ್ಕೆ ಸೋಮ, ಮಂಗಳ, ಬುಧ ಎಂದು ವಾರದ ಹೆಸರುಗಳನ್ನಿಟ್ಟಿದ್ದಳು. ಮೊದಲ ತಿಂಗಳು ಏಳೂ ಒಂದೇ ಮಾಲೆಯಂತೆ ತಿರುಗುತ್ತಿದ್ದವಂತೆ. ಆಮೇಲೆ ಒಂದು ಮೂಲೆ ಸೇರಿತು, ರೆಕ್ಕೆ ಹರಿಯಿತು, ತಿನ್ನುವುದನ್ನು ಬಿಟ್ಟಿತು, ಸತ್ತಿತು. ಅದು ಹೋದ ಮೇಲೆ ಮತ್ತೊಂದರ ಸರದಿ. ನಾನು ಹೋದಾಗ ಉಳಿದಿದ್ದವು ಎರಡು. ಅವು ಯಾವ ವಾರಗಳೆಂದು ನಾನು ಕೇಳಿದೆ. ಹುಡುಗಿ ಬಹಳ ಹೊತ್ತು ನೋಡಿ, “ಗೊತ್ತಿಲ್ಲ, ಮಾವ” ಎಂದಳು.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಹವಳದ ದಿಬ್ಬಗಳ ಮೇಲೆ ಈ ಮೀನು ನೂರಾರು ಕೂಡಿಯೇ ಇರುತ್ತದೆ. ಆದರೆ ಅಲ್ಲಿ ಬೇಟೆಗಾರ ಮೀನುಗಳ ಭಯವಿದೆ. ಗುಂಪಿನ ನಡುವೆ ಇದ್ದವನಿಗೆ ಅಪಾಯ ಕಡಿಮೆ. ಆದ್ದರಿಂದ ಪ್ರತಿಯೊಂದೂ ಇನ್ನೊಂದರ ಮರೆಗೆ ನುಸುಳುತ್ತದೆ. ಜೀವಶಾಸ್ತ್ರಜ್ಞ ಹ್ಯಾಮಿಲ್ಟನ್ 1971ರಲ್ಲಿ ಇದನ್ನು ‘ಸ್ವಾರ್ಥಿಗಳ ಹಿಂಡು’ ಎಂದು ಕರೆದು ಲೆಕ್ಕಹಾಕಿ ತೋರಿಸಿದರು. ಸ್ನೇಹದಿಂದಲ್ಲ, ಅಂಜಿಕೆಯಿಂದ ಕಟ್ಟಿದ ಕೂಟ ಅದು. ಗಾಜಿನ ತೊಟ್ಟಿಯಲ್ಲಿ ಶತ್ರುವಿಲ್ಲ. ಭಯ ತೊಲಗಿದೊಡನೆ ಮೇಲುಕೀಳಿನ ವಿಚಾರ ಮುಂದೆ ಬರುತ್ತದೆ. ಕಡಲಿನಲ್ಲಾದರೆ ಸೋತದ್ದು ಹತ್ತು ಮಾರು ಆಚೆಗೆ ಓಡಿ ಬದುಕುತ್ತದೆ. ನಾಲ್ಕಡಿಯ ತೊಟ್ಟಿಯಲ್ಲಿ ಓಡುವುದೆಲ್ಲಿಗೆ? ಎಲ್ಲ ಸಾವುಗಳೂ ಜಗಳದವಲ್ಲ ಎಂಬುದನ್ನೂ ಹೇಳಬೇಕು. ಯುರೊನೀಮಾ ಎಂಬ ಸೂಕ್ಷ್ಮಜೀವಿ ಈ ಜಾತಿಯನ್ನು ಹೆಚ್ಚಾಗಿ ಬಾಧಿಸುತ್ತದೆ. ಮೈಮೇಲೆ ಕೆಂಪು ಹುಣ್ಣು ಕಂಡರೆ ಅದರ ಸಂಶಯ ಪಡಬೇಕು.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ನಮ್ಮ ಹಿರಿಯರು ‘ಮತ್ಸ್ಯನ್ಯಾಯ’ ಎಂದು ಹೆಸರಿಟ್ಟರು; ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಆ ಮಾತುಂಟು. ಸರಿಸಮಾನ ಮೀನುಗಳ ನಡುವಣ ಈ ನಿಧಾನದ ಕೊಲೆಗೆ ಅವರು ಹೆಸರಿಡಲಿಲ್ಲ. ಅವರ ಬಳಿ ಗಾಜಿನ ತೊಟ್ಟಿ ಇರಲಿಲ್ಲವಷ್ಟೆ. ನಿಜವಾಗಿ ಬಿಟ್ಟಿರಲಾರದ ಮೀನುಗಳು ನಮ್ಮ ಕರಾವಳಿಯ ಬಂಗುಡೆ ಮತ್ತು ಬೂತಾಯಿ. 1970ರ ದಶಕದಲ್ಲಿ ಯಾಂತ್ರಿಕ ಬಲೆಗಳು ಬರುವ ತನಕ ಊರಿಗೆ ಊರೇ ದಡದಲ್ಲಿ ನಿಂತು ರಂಪಣಿ ಬಲೆಯನ್ನು ಎಳೆಯುತ್ತಿದ್ದುದು ಈ ಮೀನುಗಳ ಹಿಂಡನ್ನು ನಂಬಿಯೇ. ಆದರೆ ಅವನ್ನು ಹಜಾರದಲ್ಲಿ ಸಾಕಲು ಹಜಾರವೇ ಸಮುದ್ರವಾಗಬೇಕು.

ಎಲೆಕ್ಟ್ರಾನಿಕ್ ಸಿಟಿ ಆರ್. ಕೆ. ಬಾಳಿಗರ ಕನಸು, 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದನ್ನು ಆರಂಭಿಸಿತು. 2025ರ ಆಗಸ್ಟಿನಿಂದ ಹಳದಿ ಮಾರ್ಗದ ರೈಲು ಅಲ್ಲಿಗೂ ಓಡುತ್ತದೆ. ಅಲ್ಲಿನ ಮಿತ್ರರದು 400 ಲೀಟರಿನ ತೊಟ್ಟಿ. ಅದರಲ್ಲಿ ಆಂಥಿಯಾಸ್ ಎಂಬ ಕಿತ್ತಳೆ ಬಣ್ಣದ ಮೀನು. ಇವು ಗುಂಪಾಗಿಯೇ ಉಳಿದಿವೆ, ಏಕೆಂದರೆ ಇವರು ಅವುಗಳ ಕುಟುಂಬದ ಕ್ರಮವನ್ನು ಗೌರವಿಸಿದ್ದಾರೆ: ಗಂಡು ಒಂದು, ಹೆಣ್ಣು ಐದು, ಎಲ್ಲವನ್ನೂ ಒಂದೇ ದಿನ ಬಿಟ್ಟದ್ದು. ಹಿಂದೆ ಮುಂದೆ ಬಿಟ್ಟರೆ ಮೊದಲು ಬಂದದ್ದು ಮನೆಯ ಯಜಮಾನಿಕೆ ನಡೆಸುತ್ತದೆ. ಈ ಜಾತಿಯಲ್ಲಿ ಗಂಡು ಸತ್ತರೆ ಹಿರಿಯ ಹೆಣ್ಣು ಕೆಲವು ವಾರಗಳಲ್ಲಿ ತಾನೇ ಗಂಡಾಗುತ್ತದೆ! ಎರಡು ಗಂಡುಗಳನ್ನು ತಂದವರಿಗೆ ಮಾತ್ರ ನೆಮ್ಮದಿಯಿಲ್ಲ.

ಆದರೆ ಇದಕ್ಕೆ ತೆರಬೇಕಾದ ಬೆಲೆ ನೀರು. ಆಂಥಿಯಾಸ್ ದಿನವಿಡೀ ತೇಲುಜೀವಿಗಳನ್ನು ಹೆಕ್ಕುವ ಮೀನು. ದಿನಕ್ಕೆ ಮೂರು ನಾಲ್ಕು ಬಾರಿ ಉಣಿಸಬೇಕು. ಉಣಿಸಿದಷ್ಟೂ ನೀರು ಕೆಡುತ್ತದೆ. ವಾರಕ್ಕೆ ಹತ್ತನೆಯ ಒಂದು ಪಾಲು ಬದಲಿಸಿದರೂ 40 ಲೀಟರು. ಲೀಟರಿಗೆ 35 ಗ್ರಾಮಿನಂತೆ 1.4 ಕಿಲೋ ಕಡಲ ಉಪ್ಪಿನ ಮಿಶ್ರಣ. ಕೊಳವೆಬಾವಿಯ ಗಡಸುನೀರು ಆಗದು. ಶುದ್ಧೀಕರಿಸುವ ಯಂತ್ರವೋ ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಚೆಲ್ಲುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಸಾರಿದಾಗ ಈ ದಂಪತಿಗಳಿಗೆ ಬಹಳ ಸಂಕೋಚವಾಯಿತಂತೆ. ಮನೆಯಾಕೆ ಚೆಲ್ಲುವ ನೀರನ್ನೆಲ್ಲ ಕೊಡದಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸತೊಡಗಿದರು. ಇಂದಿಗೂ ಹಾಗೆಯೇ ನಡೆದಿದೆ. ಅದೇ ಏಪ್ರಿಲಿನಲ್ಲಿ ನಗರದ ಬಿಸಿ 38 ಡಿಗ್ರಿ ದಾಟಿತು. ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ವಿದ್ಯುತ್ತು ಹೋಗಿ ಪಂಪು ನಿಂತರೆ ಮೊದಲು ಏದುವುದು ಇಂಥ ಚುರುಕಿನ ಮೀನೇ. ಆಗ ಗಂಡಹೆಂಡಿರು ಸರದಿಯಂತೆ ಚೊಂಬಿನಿಂದ ನೀರನ್ನೆತ್ತಿ ಹೊಯ್ಯುತ್ತ ಕುಳಿತಿದ್ದರು.

ಪೀಣ್ಯದ ಮಿತ್ರರು ಯಂತ್ರದ ಬಿಡಿಭಾಗಗಳನ್ನು ಕಡೆಯುವ ಸಣ್ಣ ಕಾರ್ಖಾನೆಯವರು. ತೊಟ್ಟಿಯ ಉಕ್ಕಿನ ಪೀಠವನ್ನು ತಾವೇ ಬೆಸೆದಿದ್ದಾರೆ. ನೀರಿನ ಲೀಟರಿಗೆ ಒಂದು ಕಿಲೋ ತೂಕವೆಂಬುದನ್ನು ಅಂಗಡಿಯ ಮರದ ಮೇಜುಗಳು ಮರೆಯುತ್ತವೆಂದು ಅವರ ದೂರು. ಮೂವರಲ್ಲಿ ಆಯ್ಕೆಯನ್ನು ಚೆನ್ನಾಗಿ ಮಾಡಿದವರು ಇವರೇ ಎಂದು ನನ್ನ ತೀರ್ಮಾನ. ಬರಿಯ ನೀರನ್ನು ಆರು ವಾರ ಓಡಿಸಿ, ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆದ ಮೇಲೆಯೇ ಮೀನು ತಂದರು. ಅದೂ ಪಜಾಮಾ ಕಾರ್ಡಿನಲ್ ಎಂಬ ನಗೆ ತರಿಸುವ ಹೆಸರಿನದು. ಹಳದಿಯ ಮುಖ, ಕೆಂಪು ಕಣ್ಣು, ನಡುವಿಗೆ ಕಪ್ಪು ಪಟ್ಟಿ, ಹಿಂದೆ ಕೆಂಪು ಚುಕ್ಕೆಯ ಷರಾಯಿ! ಐದು ಮೀನುಗಳು ಒಂದೇ ದಿಕ್ಕಿಗೆ ಮುಖಮಾಡಿ, ಬಸ್ಸಿಗೆ ಕಾಯುವವರಂತೆ ನೀರಿನಲ್ಲಿ ಸುಮ್ಮನೆ ನಿಂತಿರುತ್ತವೆ. ಈಜಾಟದ ಬೆಡಗಿಲ್ಲ, ಆದರೆ ಒಂದನ್ನೊಂದು ಕೊಲ್ಲುವುದಿಲ್ಲ. ಇದರ ನೆಂಟ ಬಾಂಗ್ಗಾಯ್ ಕಾರ್ಡಿನಲ್ ಚೆಲುವಿನಲ್ಲಿ ಮೇಲು, ಗುಣದಲ್ಲಲ್ಲ. ಜೋಡಿ ಕೂಡಿದೊಡನೆ ಉಳಿದವನ್ನು ಅಟ್ಟುತ್ತದೆ.

ಜೊತೆಗೆ ಕ್ಲೌನ್ ಮೀನು ಎರಡೇ ಎರಡು. 2003ರ ‘ಫೈಂಡಿಂಗ್ ನೀಮೋ’ ಚಿತ್ರ ನೋಡಿದ ಮಕ್ಕಳು ನಾಲ್ಕಾರು ಬೇಡುವುದುಂಟು, ಕೊಡಿಸಬೇಡಿ. ಅವುಗಳಲ್ಲಿ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಮಿಕ್ಕವು ಬಾಲಕರಾಗಿಯೇ ಉಳಿಯಬೇಕು. ಸಣ್ಣ ತೊಟ್ಟಿಯಲ್ಲಿ ಅವಕ್ಕೆ ಉಳಿಗಾಲವೂ ಕಷ್ಟ. ಮಾರಾಟದ ಕಡಲ ಮೀನುಗಳಲ್ಲಿ ಬಹುಪಾಲು ಸಮುದ್ರದಿಂದಲೇ ಹಿಡಿದವು. ಕ್ಲೌನ್ ಮೀನನ್ನಾದರೋ ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಸಿದ್ಧಪಡಿಸಿದೆ. ಅಂಥ ಮರಿಗಳನ್ನೇ ಕೇಳಿ ತರುವುದು ಲೇಸು. ಸಮುದ್ರಕುದುರೆಯನ್ನಾಗಲಿ ನಮ್ಮ ಕಡಲಿನ ಹವಳವನ್ನಾಗಲಿ ಯಾರಾದರೂ ಗುಟ್ಟಾಗಿ ನೀಡಿದರೆ ಕೈಮುಗಿದು ಹೊರಡಿ. 2001ರಿಂದ ಅವು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ.

ಸಂಜೆ ಕಾರ್ಖಾನೆಯ ಸದ್ದು ನಿಂತು ದೀಪ ತಗ್ಗಿಸಿದಾಗ ಆ ಐದೂ ಮೆಲ್ಲನೆ ಒಂದರಿಂದೊಂದು ದೂರ ಸರಿದವು. ಇವು ಇರುಳು ಆಹಾರ ಅರಸುವ ಜಾತಿ. ಬೆಳಕು ಹರಿದರೆ ಮತ್ತೆ ಕೂಡುತ್ತವಂತೆ. ವೈಟ್‌ಫೀಲ್ಡಿನ ಮಿತ್ರರಿಗೆ ಇದನ್ನೆಲ್ಲ ಫೋನಿನಲ್ಲಿ ತಿಳಿಸಿದೆ. ಉಳಿದಿರುವ ಎರಡು ಕ್ರೋಮಿಸ್‌ಗಳನ್ನು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ತೊಟ್ಟಿಗೆ ಸಾಗಿಸಬಹುದೆ ಎಂದು ಅವರೀಗ ವಿಚಾರಿಸುತ್ತಿದ್ದಾರೆ. ಹೊಸ ಮೀನು ತಂದರೆ ಹೆಸರೇನಿಡುವುದೆಂದು ಹಿಂದಿನಿಂದ ಹುಡುಗಿಯ ದನಿ ಕೇಳಿತು. ಮೊದಲು ನಾಲ್ಕು ವಾರ ಅವನ್ನು ಬೇರೆ ತೊಟ್ಟಿಯಲ್ಲಿರಿಸಿ ರೋಗವಿಲ್ಲವೆಂದು ನೋಡಿಕೊಳ್ಳಬೇಕು, ಆಮೇಲೆ ಹೆಸರು ಎಂದೆ.