ಅಜ್ಜನ ಕೆಲಸ, ಚಿಕ್ಕಪ್ಪನ ಕೆಲಸ, ನಿನ್ನ ಕೆಲಸ

ಪುಟ್ಟೀ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಿನಿಂದ ನಿಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಂಡಿಲ್ಲವಂತೆ. ಇಷ್ಟು ಚೆನ್ನಾಗಿ ಪಾಸಾದವಳ ಮನೆಯಲ್ಲಿ ಹೋಳಿಗೆಯ ಘಮ ಇರಬೇಕಿತ್ತು ಕಣೇ. ಅದು ಬಿಟ್ಟು ಅಮ್ಮ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು, ಮಗಳು ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು, ನಡುವೆ ಚಿಕ್ಕಪ್ಪ ಟಿವಿ ಸೌಂಡು ಏರಿಸಿಕೊಂಡು ಕೂತಿದ್ದಾರೆ. ನೀನು ಪಿಯು ಸೈನ್ಸ್ ಬೇಡ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಗೆ ಹೋಗಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡ್ತೀನಿ ಅಂದೆ. ಚಿಕ್ಕಮ್ಮ, ಗ್ರೀಸು ಮೆತ್ತಿದ ಕೈಗೆ ಬಳೆ ತೊಡಿಸೋರು ಯಾರು ಅಂದರು. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೇ ಫೋನ್ ಮಾಡಿದಿರಿ.

"ಅಕ್ಕಾ, ನೀನು ನನ್ನ ಕಡೆಯೋ ಅಮ್ಮನ ಕಡೆಯೋ ಒಂದೇ ಮಾತಲ್ಲಿ ಹೇಳು" ಅಂತ ಮೆಸೇಜು ಕಳಿಸಿದ್ದೀಯಲ್ಲ, ಅದಕ್ಕೆ ಒಂದೇ ಮಾತಲ್ಲಿ ಹೇಳುವ ಮನಸ್ಸಾಗಲಿಲ್ಲ. ಅದಕ್ಕೇ ಈ ಉದ್ದದ ಕಾಗದ. ಆರಾಮಾಗಿ ಕೂತು ಓದು. ಉಗುರು ಕಚ್ಚಬೇಡ.

ನಿನಗೆ ಕಬ್ಬಿಣ, ಸ್ಪ್ಯಾನರ್ ಅಂದರೆ ಪ್ರಾಣ ಅನ್ನೋದು ನಮಗ್ಯಾರಿಗೂ ಹೊಸ ಸುದ್ದಿಯಲ್ಲ. ಅತ್ತೆ ಮನೆಯ ಗೃಹಪ್ರವೇಶದ ದಿನ ಎಲ್ಲರೂ ಪೂಜೆಗೆ ಕೂತಿದ್ದರೆ ನೀನು ಹಿತ್ತಲಲ್ಲಿ ಪಂಪಿನ ಮೋಟಾರು ಬಿಚ್ಚುತ್ತಿದ್ದವನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಆ ಹೊಸ ಲಂಗದ ಕಲೆ ಇವತ್ತಿಗೂ ಹೋಗಿಲ್ಲ. ಅಜ್ಜಿಯ ಮಿಕ್ಸಿ ಬಿಚ್ಚಿ ಜೋಡಿಸಿದ ಮೇಲೆ ಉಳಿದ ಎರಡು ಸ್ಕ್ರೂ ಅವರ ಎಲೆಅಡಿಕೆ ಡಬ್ಬಿಯಲ್ಲಿ ಹಾಗೇ ಇವೆ. ಮಿಕ್ಸಿ ಮಾತ್ರ ಚೆನ್ನಾಗಿ ಓಡುತ್ತಿದೆ, ಅದನ್ನೂ ಹೇಳಬೇಕು.

ಆದರೆ ಚಿಕ್ಕಮ್ಮನ ಅಳುವನ್ನು ನೀನು "ಪ್ರೆಸ್ಟೀಜು" ಅಂತ ಬರೆದದ್ದು ಓದಿ ನನಗೆ ಬೇಜಾರಾಯಿತು. ಅವರ ಭಯಕ್ಕೆ ಕಾರಣ ಇದೆ. ಆ ಕಾರಣ ನಿಮ್ಮ ಮನೆಯೊಳಗೇ ಇದೆ.

ನಿಮ್ಮ ಭದ್ರಾವತಿಯನ್ನೇ ನೋಡು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಹಾಕಿ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು. ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ ವಿಶ್ವೇಶ್ವರಯ್ಯನವರು ಬಂದು ಅದರ ಆಡಳಿತ ಹಿಡಿದರು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್, ಅಂದರೆ ಎಂಪಿಎಂ ಬಂತು, ಪೇಪರ್ ಟೌನ್ ಬೆಳೆಯಿತು. ನಮ್ಮಜ್ಜ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದರು. ಮರಳಲ್ಲಿ ಅಚ್ಚು ಕೂರಿಸಿ, ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಸಂಜೆ ಮನೆಗೆ ಬಂದರೆ ಕಿವಿಯ ಹಿಂದೆಲ್ಲ ಮಸಿ. ಆದರೂ ಮದುವೆ ಮನೆಯಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ. ಕಾರ್ಖಾನೆಯವರು ಅಂದರೆ ಅಂಗಡಿಯಲ್ಲಿ ಸಾಲ ಕೊಡುತ್ತಿದ್ದರು, ಹೆಣ್ಣು ಕೊಡುವವರು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ತಿಂಗಳ ಕೊನೆಗೆ ಅಜ್ಜನ ಹತ್ತಿರ ಕೈಗಡ ತೆಗೆದುಕೊಂಡು ಹೋಗುತ್ತಿದ್ದರಂತೆ. ನ್ಯೂಟೌನಿನ ಕ್ವಾರ್ಟರ್ಸು, ಕಾರ್ಖಾನೆಯ ಆಸ್ಪತ್ರೆ, ಪಿಎಫ್, ಗ್ರಾಚ್ಯುಟಿ. ನಮ್ಮಪ್ಪ ಓದಿದ್ದು, ಇಬ್ಬರು ಅತ್ತೆಯರ ಮದುವೆ ಆದದ್ದು, ಎಲ್ಲ ಆ ಮಸಿಯ ದುಡ್ಡಿನಲ್ಲೇ.

ಅದೇ ಗೇಟಿನೊಳಗೆ ನಿಮ್ಮಪ್ಪನೂ ಹೋದರು. ಆದರೆ ಗುತ್ತಿಗೆಯ ಮೇಲೆ. ಅಜ್ಜ ಕಲಿಸಿದ ಕೆಲಸವೇ, ಅದೇ ಕಾವು, ಅದೇ ಧೂಳು. ಟೆಂಡರು ಮುಗಿದಾಗಲೆಲ್ಲ ಗುತ್ತಿಗೆದಾರ ಬದಲಾದ, ಪ್ರತಿ ಸಲವೂ ಚಿಕ್ಕಪ್ಪ ಹೊಸಬರಾದರು. ಅವರ ಅಷ್ಟು ವರ್ಷದ ಅನುಭವ ಯಾವ ಲೆಕ್ಕಕ್ಕೂ ಹತ್ತಲಿಲ್ಲ. 2015ರ ಹೊತ್ತಿಗೆ ಎಂಪಿಎಂ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆ ವಿಐಎಸ್ಎಲ್ ಅನ್ನೇ ಮುಚ್ಚುವ ತೀರ್ಮಾನ ಬಂದಾಗ ಗುತ್ತಿಗೆಯವರು ಧರಣಿ ಕೂತರಲ್ಲ, ಆಗ ಚಿಕ್ಕಮ್ಮ ದಿನಾ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ನೀನಾಗ ಚಿಕ್ಕವಳು, ಆದರೂ ನೆನಪಿರಬೇಕು. ಆ ವರ್ಷವೇ ಮತ್ತೆ ರೋಲಿಂಗ್ ಮಿಲ್ಲು ತಿರುಗಿದಾಗ ಊರಲ್ಲಿ ಪಟಾಕಿ ಹೊಡೆದರು, ಚಿಕ್ಕಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಕೆಲಸ ಸಿಗುವ ದಿನ ಇದೆ, ಸಿಗದ ದಿನ ಇದೆ ಅನ್ನುವ ಪಾಡು ಮಾತ್ರ ತಪ್ಪಲಿಲ್ಲ.

ಅಪ್ಪ ಮಗ ಇಬ್ಬರ ಕೈಗೂ ಹತ್ತಿದ್ದು ಒಂದೇ ಮಸಿ. ಒಬ್ಬರ ಹೆಸರು ಕಾರ್ಖಾನೆಯ ಪುಸ್ತಕದಲ್ಲಿತ್ತು, ಇನ್ನೊಬ್ಬರದು ಗುತ್ತಿಗೆದಾರನ ಪುಸ್ತಕದಲ್ಲಿ. ಅಷ್ಟರಲ್ಲೇ ಬದುಕು ಎರಡಾಯಿತು. ನೀವಿಬ್ಬರೂ ನೀಲಿ ಕಾಲರು, ಬಿಳಿ ಕಾಲರು ಅಂತ ಕಿತ್ತಾಡುವಾಗ ಈ ಪುಸ್ತಕದ ಮಾತನ್ನು ಯಾರೂ ಎತ್ತಲಿಲ್ಲ, ಅದೇ ನನಗೆ ಆಶ್ಚರ್ಯ. ಚಿಕ್ಕಮ್ಮ ಮಗಳಿಗೆ ಕುರ್ಚಿ, ಫ್ಯಾನು ಬೇಡುತ್ತಿಲ್ಲ ಪುಟ್ಟೀ. ನಾಳೆ ಬೆಳಿಗ್ಗೆ ಕೆಲಸ ಇದೆಯೋ ಇಲ್ಲವೋ ಅಂತ ಫೋನು ಹಿಡಿದು ಕಾಯುವ ಬದುಕು ಮಗಳಿಗೆ ಬೇಡ ಅನ್ನುತ್ತಿದ್ದಾರೆ.

ಈಗ ಬೆಂಗಳೂರಿನ ಪೀಣ್ಯದಲ್ಲಿರುವ ನನ್ನ ಕಂಪನಿಯ ಸುದ್ದಿ ಹೇಳುತ್ತೇನೆ. ಮೇಲಿನ ಮಹಡಿಯಲ್ಲಿ ನನ್ನ ಅಕೌಂಟ್ಸ್ ಸೆಕ್ಷನ್, ಕೆಳಗೆ ಟೂಲ್ ರೂಮು ಅಂತ ನಿನಗೆ ಗೊತ್ತು. ಎಲ್ಲರ ಸಂಬಳದ ಪಟ್ಟಿ ಮಾಡುವವಳು ನಾನೇ ಆದ್ದರಿಂದ ಯಾರಿಗೆ ಎಷ್ಟು ಅನ್ನುವುದರಲ್ಲಿ ನನಗೆ ಯಾವ ಭ್ರಮೆಯೂ ಇಲ್ಲ. ಕೆಳಗಿನ ಹಿರಿಯ ಟೂಲ್ ಮೇಕರ್ ಒಬ್ಬರ ಸಂಬಳ ನನಗಿಂತ ಬಹಳ ಮುಂದಿದೆ. ಅವರು ಒಂದು ವಾರ ರಜೆ ಹಾಕಿದರೆ ಮಾಲೀಕರ ಮುಖ ಬಾಡುತ್ತದೆ. ನಾನು ರಜೆ ಹಾಕಿದರೆ ಜಿಎಸ್‌ಟಿ ತುಂಬುವ ತಾರೀಖು ಹತ್ತಿರ ಇದ್ದರೆ ಮಾತ್ರ ಬಾಡುತ್ತದೆ.

ಅವರ ಕೆಲಸ ನೋಡಲು ಊಟದ ಬಿಡುವಿನಲ್ಲಿ ಕೆಳಗೆ ಹೋಗಿ ನಿಲ್ಲುತ್ತೇನೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ! ತಗಡಿನಿಂದ ಒಂದು ಬಿಡಿಭಾಗ ಕತ್ತರಿಸಬೇಕಾದರೆ ಮೇಲೊಂದು ಪಂಚ್, ಕೆಳಗೊಂದು ಡೈ. ಎರಡರ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವುದರಲ್ಲೇ ಎಲ್ಲ ಇದೆ. ತಗಡು ಒಂದು ಮಿಲಿಮೀಟರ್ ದಪ್ಪ ಇದ್ದರೆ ಒಂದೊಂದು ಪಕ್ಕಕ್ಕೆ ಅದರ ಇಪ್ಪತ್ತನೇ ಒಂದು ಭಾಗದ ಆಸುಪಾಸು, ನಮ್ಮ ತಲೆಗೂದಲಿಗಿಂತ ತೆಳು. ಸಂದು ಹೆಚ್ಚಾದರೆ ಅಂಚಿನಲ್ಲಿ ಚೂಪಾದ ಬರ್ ಏಳುತ್ತದೆ, ಕಡಿಮೆಯಾದರೆ ಟೂಲು ಬೇಗ ಸವೆಯುತ್ತದೆ. ಅದೂ ತಗಡು ಉಕ್ಕೋ ಅಲ್ಯುಮಿನಿಯಮ್ಮೋ ಅನ್ನುವುದರ ಮೇಲೆ ಬದಲಾಗುತ್ತದೆ. ವೈರ್‌ಕಟ್ ಮೆಷಿನ್, ವಿಎಂಸಿ ಎಲ್ಲ ಬಂದಿವೆ, ಡ್ರಾಯಿಂಗು ಕಂಪ್ಯೂಟರಿನಲ್ಲೇ ಆಗುತ್ತದೆ. ಆದರೂ ಕೊನೆಗೆ ಅವರು ನೀಲಿ ಬಣ್ಣ ಸವರಿ ಎರಡು ಭಾಗಗಳನ್ನು ಕೂಡಿಸಿ, ಎಲ್ಲಿ ಬಣ್ಣ ಅಂಟಿದೆ ನೋಡಿ, ಅಷ್ಟೇ ಜಾಗವನ್ನು ಕಲ್ಲಿನಿಂದ ಉಜ್ಜುತ್ತಾರೆ. ಮೊದಲ ಪೀಸು ಹೊರಗೆ ಬಿದ್ದಾಗ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಏನೂ ಹೇಳದೆ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆ ಮೌನದಲ್ಲಿ ಇರುವ ತೃಪ್ತಿ ನೋಡಿ ನನಗೆ ಹೊಟ್ಟೆ ತುಂಬುತ್ತದೆ. ಅವರ ಹಳೇ ಲೇಥು ಹರಿಹರದ ಕಿರ್ಲೋಸ್ಕರ್. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಲೇಥು ಮಾತ್ರ ದಿನಾ ತಿರುಗುತ್ತಿದೆ.

ಮೇಲಿನ ಮಹಡಿಯ ಕಥೆಯನ್ನೂ ಕೇಳು. ಬಿಲ್ಲುಗಳನ್ನು ಬ್ಯಾಂಕಿನ ಪಟ್ಟಿಗೆ ತಾಳೆ ನೋಡುವ ಕೆಲಸಕ್ಕೆ ಮೊದಲು ನಮ್ಮಲ್ಲಿ ಬೇರೆ ಜನ ಇದ್ದರು. ಈಗ ಸಾಫ್ಟ್‌ವೇರೇ ತಾಳೆ ನೋಡುತ್ತದೆ, ಹೊಂದದೆ ಉಳಿದದ್ದನ್ನು ನಾನೊಬ್ಬಳೇ ನೋಡುತ್ತೇನೆ. ಮುಂದೆ ನನ್ನ ಕೆಲಸದಲ್ಲಿ ಎಷ್ಟು ಉಳಿಯುತ್ತದೋ ಅಂತ ರಾತ್ರಿ ಯೋಚನೆ ಬರುವುದುಂಟು. ಬಿಇ ಮುಗಿಸಿ ದೊಡ್ಡ ಸಾಫ್ಟ್‌ವೇರ್ ಕಂಪನಿ ಸೇರುವ ಮಕ್ಕಳ ಶುರುವಿನ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಹತ್ತಿರದಲ್ಲೇ ಎಷ್ಟೋ ವರ್ಷದಿಂದ ನಿಂತಿದೆ, ಬಾಡಿಗೆ ಮಾತ್ರ ನಿಂತಿಲ್ಲ. ಹಾಗಂತ ಮೇಜಿನ ಕೆಲಸ ಕೆಟ್ಟದ್ದು ಅನ್ನಲಾರೆ. ಲೆಕ್ಕ ಕೂಡಿಬಂದಾಗ ನನಗೂ ಖುಷಿಯಾಗುತ್ತದೆ, ಭಾನುವಾರ ನನ್ನದಾಗಿರುತ್ತದೆ, ಬೆರಳುಗಳು ಹತ್ತೂ ಇವೆ.

ಹೌದು, ಬೆರಳಿನ ಮಾತು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಇಎಸ್ಐಗೆ ಅಪಘಾತದ ವರದಿ ತುಂಬುವವಳೂ ನಾನೇ. ಪವರ್ ಪ್ರೆಸ್ಸಿನ ಮುಂದೆ ಕೂತು ದಿನಕ್ಕೆ ಸಾವಿರಾರು ಸಲ ತಗಡು ಒಳಗಿಟ್ಟು ಹೊರಗೆ ತೆಗೆಯುವ ಹುಡುಗರಿಗೆ, ಓವರ್‌ಟೈಮಿನ ಕೊನೆಯ ಗಂಟೆಯಲ್ಲಿ, ಒಂದು ಕ್ಷಣ ಕಣ್ಣು ಮುಚ್ಚಿದರೆ ಸಾಕು. ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುವ ಹಾಗೆ ಇರಬೇಕು. ಉತ್ಪಾದನೆ ನಿಧಾನ ಆಗುತ್ತದೆ ಅಂತ ಒಂದು ಬಟನ್‌ಗೆ ಟೇಪು ಸುತ್ತಿಡುವ ಶೆಡ್ಡುಗಳಿವೆ. ಹಾಗೆ ಕೈ ಕಳೆದುಕೊಂಡ ಹುಡುಗನೊಬ್ಬನ ಫಾರಂ ತುಂಬುವಾಗ ಅವನ ವಯಸ್ಸಿನ ಜಾಗದಲ್ಲಿ ಬರೆದ ಅಂಕಿ ನನ್ನನ್ನು ಬಿಟ್ಟಿಲ್ಲ. ನೀನು ಕಲಿಯ ಹೊರಟಿರುವುದು ಟೂಲು ಮಾಡುವ ವಿದ್ಯೆ. ಕಲಿತ ಮೇಲೆ ಯಾರಾದರೂ ಪ್ರೆಸ್ಸಿನ ಮುಂದೆ ಆಪರೇಟರ್ ಆಗಿ, ಅದೂ ಗುತ್ತಿಗೆಯ ಮೇಲೆ ಕೂರಿಸಿದರೆ ಅಲ್ಲಿಂದ ಎದ್ದು ಬಾ. ಇದು ನನ್ನ ಆಜ್ಞೆ ಅಂತಲೇ ತಿಳಿ.

ಹೆಣ್ಣುಮಕ್ಕಳು ಅಲ್ಲಿ ಹೇಗೆ ಅನ್ನುವ ಚಿಕ್ಕಮ್ಮನ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಜಾಲಹಳ್ಳಿಯ ಎಚ್ಎಂಟಿ ವಾಚ್ ಫ್ಯಾಕ್ಟರಿಯಿಂದ ನಿವೃತ್ತರಾದ ಒಬ್ಬ ಆಂಟಿ ಇದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಶುರುವಾದ ಕಾರ್ಖಾನೆ ಅದು. ವಾಚು ಜೋಡಿಸುವ ಸಾಲುಗಳಲ್ಲಿ ಹೆಂಗಸರೇ ಹೆಚ್ಚು. ಆಂಟಿ ತಮ್ಮ ಸಂಬಳದಲ್ಲಿ ಮನೆ ಕಟ್ಟಿಸಿದರು. ಅವರಿಗೆ ಆಗ ಕಂಪನಿ ಬಸ್ಸಿತ್ತು, ಕ್ಯಾಂಟೀನಿತ್ತು, ಯೂನಿಯನ್ ಇತ್ತು. ಈಗಿನ ಸಣ್ಣ ಶೆಡ್ಡುಗಳಲ್ಲಿ ಹೆಂಗಸರಿಗೆ ಬೇರೆ ಟಾಯ್ಲೆಟ್ಟೇ ಇಲ್ಲದ ಕಡೆಯೂ ಇದೆ. ಅದಕ್ಕೇ, ಕೆಲಸಕ್ಕೆ ಸೇರುವ ಮೊದಲು ನೋಡಬೇಕಾದ್ದು ಮೆಷಿನ್ ಅಲ್ಲ, ಟಾಯ್ಲೆಟ್ಟು ಅಂತ ಆಂಟಿ ಹೇಳಿದರು. ನಾನದನ್ನು ಒಪ್ಪುತ್ತೇನೆ.

ಇಷ್ಟು ಹೇಳಿದ ಮೇಲೆ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ನಿನ್ನ ಕಡೆ ಕಣೇ. ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ರಾಜ್ಯದ ಎಷ್ಟೋ ಊರುಗಳಲ್ಲಿ ಇದೆ. ಡಿಪ್ಲೊಮಾ ನಾಲ್ಕು ವರ್ಷ, ಅದರಲ್ಲಿ ಕೊನೆಯ ವರ್ಷ ಕಂಪನಿಯಲ್ಲೇ ತರಬೇತಿ. ಮೊದಲ ತಿಂಗಳುಗಳಲ್ಲಿ ಬರೀ ಅರ ಹಿಡಿದು ಕಬ್ಬಿಣದ ತುಂಡನ್ನು ಮಟ್ಟ ಮಾಡಿಸುತ್ತಾರೆ. ಅಂಗೈಯಲ್ಲಿ ಬೊಬ್ಬೆ ಬರುತ್ತದೆ, ಆಗ ನನಗೆ ಫೋನ್ ಮಾಡಿ ಅಳು, ಬಿಟ್ಟು ಮಾತ್ರ ಬರಬೇಡ. ಗಣಿತವನ್ನು ಬಿಡಬೇಡ. ಮುಗಿಸಿದ ಮೇಲೆ ಬಿಇ ಮಾಡಬೇಕು ಅನ್ನಿಸಿದರೆ ಡಿಸಿಇಟಿ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಚಿಕ್ಕಮ್ಮನಿಗೆ ಇದನ್ನು ಮೊದಲು ಹೇಳು. ಮಗಳ ಮುಂದೆ ಬಾಗಿಲು ಮುಚ್ಚಿಹೋಗುತ್ತಿಲ್ಲ ಅಂತ ಗೊತ್ತಾದರೆ ಅರ್ಧ ಅಳು ನಿಲ್ಲುತ್ತದೆ.

ಕೆಲಸಕ್ಕೆ ಸೇರುವ ದಿನ ಬಂದಾಗ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಆರ್ಡರ್ ಕಾಪಿಯಲ್ಲಿ ಕಂಪನಿಯ ಹೆಸರಿದೆಯೋ ಗುತ್ತಿಗೆದಾರನದೋ ನೋಡಬೇಕು. ಪಿಎಫ್ ಮೊದಲ ತಿಂಗಳಿಂದ ಕಟ್ಟುತ್ತಾರೋ, ಹೊತ್ತು ಮೀರಿ ದುಡಿಸಿದರೆ ಕಾನೂನಿನಂತೆ ಎರಡರಷ್ಟು ಕೂಲಿ ಕೊಡುತ್ತಾರೋ ಕೇಳಬೇಕು. ಇಎಸ್ಐಗೆ 2017ರಿಂದ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿ ಇದೆ. ನಿನ್ನ ಸಂಬಳ ಅದನ್ನು ದಾಟಿದರೆ ಬೇರೆ ವಿಮೆ ಮಾಡಿಸುತ್ತಾರೋ ಇಲ್ಲವೋ ಅನ್ನುವುದನ್ನಂತೂ ಬರಹದಲ್ಲೇ ತೆಗೆದುಕೊಳ್ಳಬೇಕು. ಅಲ್ಲಿ ಐವತ್ತು ದಾಟಿದವರು ಇನ್ನೂ ಕೆಲಸದಲ್ಲಿದ್ದಾರೋ, ಇದ್ದರೆ ಅವರ ಬೆನ್ನು, ಕಿವಿ, ಕಣ್ಣು ಹೇಗಿವೆ ಅಂತ ನೋಡಿ ಬರೋಣ. ಬಿಳಿ ಕಾಲರಿನ ಕೆಲಸಕ್ಕೆ ಹೋಗಿದ್ದರೂ ನಾನು ಇದನ್ನೇ ಕೇಳಿಸುತ್ತಿದ್ದೆ. ಈ ಊರಿನ ಎಷ್ಟೋ ಹವಾನಿಯಂತ್ರಿತ ಆಫೀಸುಗಳಲ್ಲಿ ಟೈ ಕಟ್ಟಿಕೊಂಡ ಗುತ್ತಿಗೆಯ ಹುಡುಗರು ಚಿಕ್ಕಪ್ಪನ ಹಾಗೇ ತಿಂಗಳ ಕೊನೆಗೆ ಕಾಯುತ್ತಾರೆ.

ಒಂದು ಕೆಲಸ ಮಾಡು. ಮುಂದಿನ ಶನಿವಾರ ಬೆಳಗಿನ ಜನಶತಾಬ್ದಿಗೆ ಚಿಕ್ಕಮ್ಮನನ್ನು ಹತ್ತಿಸಿಕೊಂಡು ಬಾ. ಯಶವಂತಪುರದಲ್ಲಿ ಇಳಿಯಿರಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ನಮ್ಮ ಟೂಲ್ ರೂಮು ತೋರಿಸಲು ಮಾಲೀಕರನ್ನು ಕೇಳಿ ಒಪ್ಪಿಸಿದ್ದೇನೆ. ಸಂಜೆ ಎಚ್ಎಂಟಿ ಆಂಟಿಯ ಮನೆಯಲ್ಲಿ ಕಾಫಿ. ಅವರು ಚಿಕ್ಕಮ್ಮನ ಜೊತೆ ಒಬ್ಬರೇ ಮಾತಾಡಬೇಕಂತೆ, ನಾವಿಬ್ಬರೂ ಹೊರಗೆ. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿಕೊಂಡು ಬಾ, ದುಪಟ್ಟಾ ಹಾಕಬೇಡ, ಜಡೆ ಎತ್ತಿ ಕಟ್ಟು, ಮೆಷಿನ್ ಹತ್ತಿರ ಹಾಗೆಯೇ ನಿಲ್ಲಬೇಕು. ಮಾರ್ಕ್ಸ್ ಕಾರ್ಡು, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ ಎಲ್ಲದರ ಜೆರಾಕ್ಸು ತಾ, ಅರ್ಜಿ ಇಲ್ಲೇ ಕೂತು ತುಂಬೋಣ. ಚಿಕ್ಕಪ್ಪನಿಗೂ ಬರಲು ಹೇಳು. ಡೈ ನೋಡಿದರೆ ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗುವುದು ಅವರಿಗೇ.

ನಿನ್ನ ಅಕ್ಕ