2048 ಮತ್ತು ಹದಿನೈದು ನಿಮಿಷ

ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ, ನನಗೆ ಎಪ್ಪತ್ತನಾಲ್ಕು. ಮನೆಯಲ್ಲಿ ನಮ್ಮಿಬ್ಬರಿಗೂ ಒಂದೇ ಕಾನೂನು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮೊಬೈಲ್ ಹಿಡಿಯಬಾರದು. ಕಾನೂನು ಮಾಡಿದವಳು ಸೊಸೆ. ಮೊಮ್ಮಗಳು ತಪ್ಪದೆ ಪಾಲಿಸುತ್ತಾಳೆ. ನಾನು ಪಾಲಿಸಿದ ಕಥೆಯನ್ನೇ ಈಗ ಹೇಳಬೇಕು.

ಕಳೆದ ಬೇಸಿಗೆ ರಜೆಯಲ್ಲಿ ಅವಳೇ ಆ ಆಟವನ್ನು ನನ್ನ ಫೋನಿಗೆ ಹಾಕಿಕೊಟ್ಟಳು. "ತಾತ, ನೀನು ಬ್ಯಾಂಕಲ್ಲಿ ಬರೀ ಲೆಕ್ಕಾನೇ ಬರೀತಿದ್ಯಂತಲ್ಲ, ಇದು ನಿನಗೆ ಚೆನ್ನಾಗಿ ಬರತ್ತೆ" ಎಂದಳು. ಬಣ್ಣಬಣ್ಣದ ಮಿಠಾಯಿ ಒಡೆಯುವುದು, ಕಾರು ಓಡಿಸುವುದು, ಇವುಗಳಿಗೆಲ್ಲ ನಾನು ಬಗ್ಗಿದವನಲ್ಲ. ಆದರೆ ಇದರಲ್ಲಿ ಸದ್ದಿಲ್ಲ, ಬಂದೂಕಿಲ್ಲ. ಒಂದು ಚೌಕ, ಅದರಲ್ಲಿ ಒಂದಷ್ಟು ಸಂಖ್ಯೆ, ಅಷ್ಟೇ. ಸಂಖ್ಯೆ ಕಂಡರೆ ಹಳೆಯ ಗುಮಾಸ್ತನ ಕೈ ಸುಮ್ಮನಿರುವುದಿಲ್ಲ.

ಆಟದ ಹೆಸರು 2048. ನಮ್ಮ ಚೌಕಾಬಾರಕ್ಕೆ ಸಾಲಿಗೆ ಐದು ಮನೆಯಾದರೆ ಇದಕ್ಕೆ ನಾಲ್ಕು. ಒಟ್ಟು ಹದಿನಾರು ಮನೆ. ಶುರುವಿನಲ್ಲಿ ಎರಡು ಬಿಲ್ಲೆ ಇರುತ್ತವೆ. ಬೆರಳಿನಿಂದ ಎಡಕ್ಕೋ ಬಲಕ್ಕೋ ಮೇಲಕ್ಕೋ ಕೆಳಕ್ಕೋ ತಳ್ಳಿದರೆ ಇರುವ ಬಿಲ್ಲೆಗಳೆಲ್ಲ ಆ ಕಡೆಗೆ ಜಾರುತ್ತವೆ. ಒಂದೇ ಸಂಖ್ಯೆಯ ಎರಡು ಬಿಲ್ಲೆ ಎದುರಾದರೆ ಸೇರಿ ಒಂದಾಗುತ್ತವೆ. ಎರಡು 2 ಸೇರಿದರೆ 4, ಎರಡು 4 ಸೇರಿದರೆ 8, ಹೀಗೆ. ಪ್ರತಿ ಸಲ ತಳ್ಳಿದ ಮೇಲೂ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಹುಟ್ಟುತ್ತದೆ. ಸರಾಸರಿ ಹತ್ತರಲ್ಲಿ ಒಂಬತ್ತು ಸಲ 2, ಒಂದು ಸಲ 4. 2048 ಬಂದರೆ ಗೆದ್ದಿರಿ. ಮನೆಗಳೆಲ್ಲ ತುಂಬಿ ಸೇರಲು ಜೋಡಿಯೇ ಇಲ್ಲದಿದ್ದರೆ ಸೋತಿರಿ. ಇಷ್ಟು ಹೇಳಿಕೊಡಲು ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ನನಗೆ ಕೇರಂ ನಿಯಮಗಳೇ ಇನ್ನೂ ಪೂರ್ತಿ ಗೊತ್ತಿಲ್ಲ!

ಮಕ್ಕಳೇ, 2ನ್ನು ಹತ್ತು ಸಲ ದುಪ್ಪಟ್ಟು ಮಾಡಿದರೆ 2048. ಹತ್ತೇ ಸಲ ಎಂದರೆ ಸುಲಭ ಅನಿಸುತ್ತದೆ. ಆದರೆ ಬರೀ 2ರ ಬಿಲ್ಲೆಗಳಿಂದಲೇ ಕಟ್ಟುವುದಾದರೆ 1024 ಬಿಲ್ಲೆ ಬೇಕು. ಚದುರಂಗದ ಒಂದೊಂದು ಮನೆಗೂ ಅಕ್ಕಿಕಾಳು ದುಪ್ಪಟ್ಟು ಮಾಡುತ್ತ ಹೋಗಿ ರಾಜನ ಕಣಜವೇ ಬರಿದಾದ ಕಥೆ ಕೇಳಿದ್ದೀರಲ್ಲ, ಇದು ಅದರದೇ ಪುಟ್ಟ ತಂಗಿ.

ನನ್ನನ್ನು ಹಿಡಿದು ಹಾಕಿದ್ದು ಬೇರೆಯೇ ಒಂದು ಗುಟ್ಟು. ಎರಡನೆಯ ದಿನ ಹಲಗೆಯ ಮೇಲಿನ ಸಂಖ್ಯೆಗಳನ್ನು ಅಭ್ಯಾಸಬಲದಿಂದ ಕೂಡಿದೆ. ಒಂದು ಸಲ ತಳ್ಳಿ ಮತ್ತೆ ಕೂಡಿದೆ. ಬಿಲ್ಲೆಗಳು ಎಷ್ಟೇ ಸೇರಲಿ, ಮೊತ್ತ ಬದಲಾಗುವುದಿಲ್ಲ. 64 ಮತ್ತು 64 ಹೋಗಿ 128 ಬಂದರೆ ಅದು ಬರೀ ವರ್ಗಾವಣೆ, ಈ ಖಾತೆಯಿಂದ ಆ ಖಾತೆಗೆ. ಹೊಸದಾಗಿ ಹುಟ್ಟುವ 2 ಅಥವಾ 4 ಮಾತ್ರ ನಗದು ಜಮೆ. ಅಂದರೆ ಹತ್ತು ಸಲ ತಳ್ಳಿದರೆ ಸರಾಸರಿ 22 ಜಮೆಯಾಗುತ್ತದೆ. ಆ ಲೆಕ್ಕದಲ್ಲಿ 2048 ಮುಟ್ಟಲು 930 ಸಲಕ್ಕೂ ಹೆಚ್ಚು ತಳ್ಳಬೇಕು. ಇದನ್ನು ಕಂಡುಹಿಡಿದ ದಿನ ನನಗಾದ ಸಂತೋಷ ಬಿ.ಕಾಂ. ಪಾಸಾದ ದಿನವೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಪುಸ್ತಕ ಟ್ಯಾಲಿ ಆದಾಗ ಎದೆಯಲ್ಲಿ ಒಂದು ತಂಪು ಇಳಿಯುತ್ತದೆ. ಕಂಪ್ಯೂಟರ್ ಬಂದ ಮೇಲೆ ಅದೇ ಕೂಡಿ ಅದೇ ಟ್ಯಾಲಿ ಮಾಡತೊಡಗಿ, ಆ ತಂಪು ನಮ್ಮ ಕೈತಪ್ಪಿ ಹೋಗಿತ್ತು. ಈ ಹದಿನಾರು ಮನೆಗಳಲ್ಲಿ ಅದು ಮತ್ತೆ ಸಿಕ್ಕಿತು.

ಲೆಕ್ಕದ ಆಸೆಯಿರುವ ಮಕ್ಕಳು ಇನ್ನೊಂದನ್ನು ಕಾಗದದ ಮೇಲೆ ಬರೆದು ನೋಡಿ. ಈ ಹಲಗೆಯಲ್ಲಿ ಬರಬಹುದಾದ ಅತಿ ದೊಡ್ಡ ಸಂಖ್ಯೆ 131072. 65536, 32768 ಎಂದು ಅರ್ಧ ಅರ್ಧ ಮಾಡುತ್ತ 4ರವರೆಗೆ ಬಂದರೆ ಹದಿನೈದು ಮನೆ ತುಂಬುತ್ತದೆ. ಉಳಿದ ಒಂದು ಮನೆಯಲ್ಲಿ ಇನ್ನೊಂದು 4 ಹುಟ್ಟಿದರೆ, ಆ ಸಾಲೆಲ್ಲ ಒಂದರೊಳಗೊಂದು ಮಡಚಿಕೊಂಡು 131072 ಆಗಬಹುದು. ಅದಕ್ಕಿಂತ ಮುಂದಿನದಕ್ಕೆ ಜಾಗವಿಲ್ಲ.

ಇದನ್ನು ಮಾಡಿದವರು ಯಾರು ಎಂದು ಮಗನನ್ನು ಕೇಳಿದೆ. 2014ರ ಮಾರ್ಚ್‌ನಲ್ಲಿ ಗೇಬ್ರಿಯೆಲೆ ಚಿರುಲ್ಲಿ ಎಂಬ ಇಟಲಿಯ ಹುಡುಗ ಒಂದು ವಾರಾಂತ್ಯದಲ್ಲಿ ಬರೆದದ್ದಂತೆ. ಆಗ ಅವನಿಗೆ ಹತ್ತೊಂಬತ್ತು ವರ್ಷ. ದುಡ್ಡು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟ. ಕೆಲವೇ ದಿನಗಳಲ್ಲಿ ಅದು ಜಗತ್ತನ್ನೆಲ್ಲ ಸುತ್ತಿತು. ಆದರೆ ಅದಕ್ಕೊಂದು ಅಕ್ಕ ಇದೆ. ಆಶರ್ ವೋಲ್ಮರ್ ಮತ್ತು ಗ್ರೆಗ್ ವೋಲ್ವೆಂಡ್ ಎಂಬಿಬ್ಬರು ಸಂಗೀತ ಮಾಡುವ ಗೆಳೆಯನೊಬ್ಬನನ್ನು ಸೇರಿಸಿಕೊಂಡು ಅದೇ ವರ್ಷದ ಫೆಬ್ರುವರಿಯಲ್ಲಿ 'ಥ್ರೀಸ್' ಎಂಬ ಆಟವನ್ನು ಹೊರತಂದಿದ್ದರು. ಅದರ ಹಿಂದೆ ಹದಿನಾಲ್ಕು ತಿಂಗಳ ಕೆಲಸವಿತ್ತು. ಅದನ್ನು ನೋಡಿ ಯಾರೋ '1024' ಎಂದು ಮಾಡಿದರು. ಅದರ ದಾರಿಯಲ್ಲೇ ಬಂದದ್ದು 2048. ಹದಿನಾಲ್ಕು ತಿಂಗಳು ಕೂತು ಮಾಡಿದವರಿಗೆ ನೋವಾಯಿತು. ತಾವು ಪಟ್ಟ ಪಾಡು ಜನರಿಗೆ ತಿಳಿಯಲಿ ಎಂದು ತಮ್ಮ ತಮ್ಮಲ್ಲಿ ಬರೆದುಕೊಂಡ ಪತ್ರಗಳನ್ನೇ ಪ್ರಕಟಿಸಿದರು. ಸರಳವಾಗಿ ಕಾಣುವುದನ್ನು ಸರಳ ಮಾಡುವುದಕ್ಕೆ ಎಷ್ಟು ಕಸ ತೆಗೆದು ಹಾಕಬೇಕು ಎಂಬುದು ಪಕ್ಕದ ಮನೆಯವರಿಗೆ ಕಾಣುವುದಿಲ್ಲ. ಇದು ನಮ್ಮಾಕೆಯ ಸಾರಿಗೂ ಸಲ್ಲುವ ಮಾತು.

ಮಗ ಥ್ರೀಸನ್ನೂ ಹಾಕಿಕೊಟ್ಟ. ಅಲ್ಲಿ 1 ಮತ್ತು 2 ಸೇರಿ 3. ಆಮೇಲೆ 3ಕ್ಕೆ 3 ಸೇರಿ 6, 12, 24. ಒಂದು ಸಲ ತಳ್ಳಿದರೆ ಬಿಲ್ಲೆ ಒಂದೇ ಮನೆ ಜರುಗುತ್ತದೆ. ಮುಂದೆ ಬರುವ ಬಿಲ್ಲೆ ಯಾವುದೆಂದು ಮೊದಲೇ ಸುಳಿವು ಕೊಡುತ್ತದೆ. ಆದ್ದರಿಂದ ಯೋಚಿಸಲೇಬೇಕು. ನಿಜ ಹೇಳುತ್ತೇನೆ, ಅದು ಹೆಚ್ಚು ಒಳ್ಳೆಯ ಆಟ. ಆದರೂ ನಾನು ವಾಪಸು 2048ಕ್ಕೇ ಬಂದೆ. ಯೋಚಿಸದೆ ಆಡಬಹುದು ಎನ್ನುವುದೇ ಅದರ ಸೆಳೆತವಾಗಿತ್ತೇನೋ.

ಏಕೆಂದರೆ ಅದರಲ್ಲೊಂದು ಉಪಾಯವಿದೆ. ಅತಿ ದೊಡ್ಡ ಬಿಲ್ಲೆಯನ್ನು ಕೆಳಗಿನ ಒಂದು ಮೂಲೆಗೆ ಕೂರಿಸಿ, ಅದನ್ನು ಅಲ್ಲಿಂದ ಕದಲಿಸಬಾರದು. ಮೇಲಕ್ಕೆ ತಳ್ಳುವುದನ್ನು ಮರೆತೇಬಿಡಬೇಕು. ಇದು ತಿಳಿಯುವವರೆಗೆ ತಲೆ ಕೆಲಸ ಮಾಡುತ್ತದೆ, ತಿಳಿದ ಮೇಲೆ ಬೆರಳು ಮಾತ್ರ. ಕೆಳಗೆ, ಬಲಕ್ಕೆ, ಕೆಳಗೆ, ಬಲಕ್ಕೆ. ವೋಚರುಗಳ ಮೇಲೆ ಮೊಹರು ಒತ್ತಿದಂತೆ. ಪಾರ್ಕಿನಲ್ಲಿ ಜೊತೆಗೆ ನಡೆಯುವ ಗೆಳೆಯರು "ಮೆದುಳಿಗೆ ವ್ಯಾಯಾಮ ಕಣ್ರೀ, ಮರೆವು ಹತ್ತಿರ ಸುಳಿಯಲ್ಲ" ಎನ್ನುತ್ತಿದ್ದರು. ಹೀಗೇ ಹೇಳಿಕೊಂಡು ಮೆದುಳಿನ ಆಟ ಮಾರುತ್ತಿದ್ದ ಕಂಪನಿಯೊಂದು 2016ರಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಹೇಳಿದ್ದಕ್ಕೆ ತಕ್ಕ ಆಧಾರ ಅವರ ಬಳಿ ಇರಲಿಲ್ಲ ಎಂಬುದು ಆಯೋಗದ ಆರೋಪ. ನನ್ನ ಮಟ್ಟಿಗಂತೂ 2048ರಲ್ಲಿ ಅಂಕ ಏರುತ್ತಾ ಹೋಯಿತು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಹಾಗೆಯೇ ಉಳಿಯಿತು.

ಇನ್ನು ಆ ಜುಲೈ ತಿಂಗಳ ಮಧ್ಯಾಹ್ನ. ನಮ್ಮಾಕೆ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಳು. ಮಗ ಸೊಸೆ ಆಫೀಸಿನಲ್ಲಿ. ಮೊಮ್ಮಗಳ ಶಾಲೆಯ ವ್ಯಾನು 3-40ಕ್ಕೆ ಮುಖ್ಯರಸ್ತೆಯ ತಿರುವಿಗೆ ಬರುತ್ತದೆ. ಮನೆಯಿಂದ ಐದು ನಿಮಿಷದ ದಾರಿ. ನಾನು ದಿನಾ ಮೂರೂವರೆಗೆ ಛತ್ರಿ ಹಿಡಿದು ಹೊರಡುವವನು.

ಅಂದು ಮೂರೂವರೆಗೆ ನನ್ನ ಹಲಗೆಯ ಮೇಲೆ 1024, 512, 256, 128 ಸಾಲಾಗಿ ಕೂತಿದ್ದವು. ಒಟ್ಟು 1920. ಇನ್ನೊಂದು 128 ಕಟ್ಟಿದರೆ ಸಾಕು, ಒಂದರ ಹಿಂದೊಂದು ಮಡಚಿಕೊಂಡು 2048. ಅಂದರೆ ಸುಮಾರು 58 ಸಲ ತಳ್ಳಬೇಕು, ಒಂದು ನಿಮಿಷದ ಕೆಲಸ. ಹಿಂದೆ ನಾಲ್ಕು ಸಲ ಇಲ್ಲಿಯವರೆಗೆ ಬಂದು ಸೋತಿದ್ದೆ. ನಡುವೆ ಒಮ್ಮೆ ಬೇರೆ ದಾರಿಯಿಲ್ಲದೆ ಮೇಲಕ್ಕೆ ತಳ್ಳಬೇಕಾಯಿತು. ಹಾಳಾದ್ದು ಒಂದು 2 ಬಂದು ಮೂಲೆಯಲ್ಲೇ ಕೂತುಬಿಟ್ಟಿತು. ಅದನ್ನು ಬಿಡಿಸಿಕೊಳ್ಳಲು ಒಂದೊಂದು ಹೆಜ್ಜೆಗೂ ಯೋಚನೆ. ಕೊನೆಗೂ ಬಂತು. ಪರದೆಯ ಮೇಲೆ 'ನೀವು ಗೆದ್ದಿರಿ' ಎಂದು ಇಂಗ್ಲಿಷಿನಲ್ಲಿ ಮೂಡಿತು. ಅದರ ಕೆಳಗೇ ಇನ್ನೊಂದು ಗುಂಡಿ, 'ಮುಂದುವರಿಸಿ'. ಇಷ್ಟೇನಾ ಅನಿಸಿತು. ತಲೆಯೆತ್ತಿ ಗಡಿಯಾರ ನೋಡಿದರೆ 3-50.

ಛತ್ರಿಯನ್ನೂ ಮರೆತು ಓಡಿದೆ. ಎಪ್ಪತ್ತನಾಲ್ಕರಲ್ಲಿ ಓಟವೆಂದರೆ ಬೇರೆಯವರ ನಡಿಗೆ. ಹನಿ ಮಳೆ. ತಿರುವಿನಲ್ಲಿ ಯಾರೂ ಕಾಣಲಿಲ್ಲ. ಆ ಒಂದು ಕ್ಷಣದಲ್ಲಿ ಮನಸ್ಸಿಗೆ ಏನೇನು ಬಂತೋ ಬರೆಯಲಾರೆ. ಆಮೇಲೆ ಮೆಡಿಕಲ್ ಸ್ಟೋರಿನ ಒಳಗೆ ಸ್ಟೂಲಿನ ಮೇಲೆ, ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತ ಅವಳು ಕಂಡಳು. ಅಂಗಡಿಯವರು ಒಳಗೆ ಕರೆದು ಕೂರಿಸಿದ್ದರು.

"ನಿದ್ದೆ ಬಂದ್ಬಿಡ್ತಾ ತಾತ?" ಎಂದು ಕೇಳಿದಳು.

ನಾನು "ಹ್ಞೂಂ ಪುಟ್ಟಿ" ಎಂದುಬಿಟ್ಟೆ.

ರಾತ್ರಿ ಊಟವಾದ ಮೇಲೆ ತನ್ನ ಅರ್ಧ ಗಂಟೆಯ ಪಾಲಿಗೆಂದು ನನ್ನ ಫೋನು ತೆಗೆದುಕೊಂಡಳು. "ತಾತ! 2048 ಬಂದಿದೆ! ಯಾವಾಗ ಬಂತು?" ಎಂದು ಕುಣಿದಳು. ನಾನು ಉತ್ತರ ಕೊಡಲಿಲ್ಲ. ಅವಳು ನನ್ನ ಮುಖ ನೋಡಿದಳು, ಫೋನು ನೋಡಿದಳು. ಬೆಳಿಗ್ಗೆ ಶಾಲೆಗೆ ಹೋಗುವಾಗ ಅದು ಇರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೆಲ್ಲಗೆ "ಹಾಗಾದ್ರೆ ನೀನು ಮಲಗಿರ್ಲಿಲ್ಲ" ಎಂದಳು. ಅಷ್ಟು ಹೇಳಿ ಫೋನನ್ನು ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು. ಅವರಮ್ಮನಿಗೆ ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. 1982ರ ಒಂದು ಸಂಜೆ ನೆನಪಾಯಿತು. ಲೆಡ್ಜರುಗಳ ಮೊತ್ತದಲ್ಲಿ 270 ರೂಪಾಯಿ ವ್ಯತ್ಯಾಸ. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಯಾರೋ ಪಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಬರೆದಿರಬಹುದು ಎಂದು ನಮಗೆಲ್ಲ ಗೊತ್ತಿತ್ತು. ಪುಟ ಪುಟ ಹುಡುಕಿ ರಾತ್ರಿ ಒಂಬತ್ತೂವರೆಗೆ ಸಿಕ್ಕಿತು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸು ಕಟ್ಟಿದ್ದು 630, ಲೆಡ್ಜರಿನಲ್ಲಿ ಇದ್ದದ್ದು 360. ಬರೆದ ಕೈ ನನ್ನದೇ. ಮಾರನೆಯ ದಿನ ಆಕೆ ಪಾಸ್‌ಬುಕ್ ತಂದಾಗ "ತಪ್ಪು ನನ್ನದಮ್ಮ, ರಾತ್ರಿ ಸರಿಮಾಡಿದೆ" ಎಂದು ಹೇಳಿದ್ದೆ. ಆಕೆಗೆ ಓದಲು ಬರುತ್ತಿರಲಿಲ್ಲ, ಹೇಳದಿದ್ದರೂ ನಡೆಯುತ್ತಿತ್ತು. ಆ 630ರ ಹಿಂದೆ ಒಬ್ಬರು ಇದ್ದರು. ಈ 2048ರ ಹಿಂದೆ ಯಾರಿದ್ದಾರೆ? ಇಡೀ ಮಧ್ಯಾಹ್ನ ಅದರೊಳಗೆ ಯಾರೂ ಇರಲಿಲ್ಲ. ಇದ್ದವಳು ಸ್ಟೂಲಿನ ಮೇಲೆ ಕೂತಿದ್ದಳು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಸೊಸೆಗೆ ನಾನೇ ಹೇಳಿದೆ, ಹದಿನೈದು ನಿಮಿಷವನ್ನೂ, ಸುಳ್ಳನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಮಾವ" ಎಂದಳು. ಅಂದು 3-25ಕ್ಕೆ ಆಫೀಸಿನಿಂದ ಫೋನು ಬಂತು. ಒಂದು ವಾರ ದಿನಾ ಬಂತು. ನಾನು ಬೇಸರಪಟ್ಟುಕೊಳ್ಳಲಿಲ್ಲ.

ಆಟವನ್ನು ಫೋನಿನಿಂದ ತೆಗೆದದ್ದು ಮೊಮ್ಮಗಳಿಗೇ ಹಿಡಿಸಲಿಲ್ಲ. ಅಟ್ಟದಿಂದ ಅವರಪ್ಪನ ಹಳೆಯ ಸ್ಲೇಟು ಇಳಿಸಿ ಹದಿನಾರು ಮನೆ ಗೀಚಿದಳು. "ನೀನು ಯಾವ ಕಡೆಗೆ ಅಂತ ಹೇಳು, ನಾನು ಅಳಿಸಿ ಬರೀತೀನಿ. ಹೊಸ ಬಿಲ್ಲೆ ಎಲ್ಲಿ ಅಂತ ನಾನು ಇಡ್ತೀನಿ" ಎಂದಳು. ಮೊದಮೊದಲು ಒಂದೊಂದು ಸಲಕ್ಕೂ ಎರಡು ನಿಮಿಷ. ಬಳಪದ ಪುಡಿ ಪಂಚೆಯ ತುಂಬ. ಆದರೆ ಫೋನು ಕಣ್ಣುಮುಚ್ಚಿ ಬಿಲ್ಲೆ ಎಸೆಯುತ್ತಿತ್ತು. ಇವಳು ಕಣ್ಣುಬಿಟ್ಟು ಇಡುತ್ತಾಳೆ. ನನ್ನ ಎರಡು 16 ಸೇರಬೇಕೆನ್ನುವಷ್ಟರಲ್ಲಿ ನಡುವೆ ಒಂದು 2 ಇಟ್ಟು ಕಿಸಕ್ಕನೆ ನಗುತ್ತಾಳೆ. ನನ್ನ ಮೂಲೆಯ ಉಪಾಯ ಅವಳ ಮುಂದೆ ಎರಡು ದಿನವೂ ನಡೆಯಲಿಲ್ಲ. ಇಲ್ಲಿಯವರೆಗೆ ನಾನು 64 ದಾಟಿಲ್ಲ.

ನಿನ್ನೆ ನಾನು ಬಿಲ್ಲೆ ಇಡುವ ಸರದಿ. ನಮ್ಮ ಸ್ಲೇಟಿನ ಕಾನೂನಿನಂತೆ ಹತ್ತು ಸಲಕ್ಕೊಮ್ಮೆ 4 ಇಡಬೇಕು. ಹನ್ನೊಂದನೆಯದಕ್ಕೆ ಇಟ್ಟೆನೆಂದು ಜಗಳ ತೆಗೆದಳು. ಸ್ಲೇಟಿನ ಮೇಲಿದ್ದುದನ್ನೆಲ್ಲ ಕೂಡಿ, ಇಷ್ಟಿರಬೇಕಿತ್ತು ಇಷ್ಟಿದೆ ಎಂದು ತೋರಿಸಿದಳು. ಅವಳ ಲೆಕ್ಕವೇ ಸರಿಯಾಗಿತ್ತು. ಒಂದು 2 ಹೆಚ್ಚಾಗಿತ್ತು. ಅದು ಯಾವಾಗ ನುಸುಳಿತೆಂದು ಇಬ್ಬರೂ ಹುಡುಕುತ್ತ ಕೂತಿದ್ದಾಗ ಸೊಸೆ ಊಟಕ್ಕೆ ಕರೆದಳು. ಸ್ಲೇಟನ್ನು ಹಾಗೇ ಕಿಟಕಿಯ ಮೇಲಿಟ್ಟಿದ್ದೇವೆ. ಯಾರೂ ಅಳಿಸಬಾರದೆಂದು ಅವಳು ಪಕ್ಕದಲ್ಲಿ ಚೀಟಿ ಬರೆದಿಟ್ಟಿದ್ದಾಳೆ.