ಕಡೇಚೂರಿನ ಓವನ್ ಪುರಾಣ

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ನಮ್ಮೂರಲ್ಲಿ ಕರೆಂಟಿನಿಂದ ನಡೆಯೋ ಎಲ್ಲಾ ವಸ್ತುಗಳ ಡಾಕ್ಟರ್ ಅಂತ ಅರ್ಥ. ಟಿವಿ, ಇನ್ವರ್ಟರ್, ಬೋರ್‌ವೆಲ್ ಸ್ಟಾರ್ಟರ್... ಏನು ಕೆಟ್ಟರೂ "ಇಂಜಿನಿಯರ್ ಬಂದಾನಲ್ಲ, ಕೇಳ್ರಿ" ಅಂತಾರೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸು, ಬೆಂಗಳೂರಲ್ಲಿ ಮಾಡೋದು ಯಾರೋ ಬರೆದ ಜಾವಾ ಕೋಡಿಗೆ ತೇಪೆ ಹಚ್ಚೋ ಕೆಲಸ ಅಂತ ಎಷ್ಟು ಹೇಳಿದ್ರೂ ಯಾರೂ ನಂಬಲ್ಲ :-)

ಗೊತ್ತಿಲ್ಲದವರಿಗೆ: ಕಡೇಚೂರು ಅಂದ್ರೆ ಯಾದಗಿರಿ ಜಿಲ್ಲೆ, ತೆಲಂಗಾಣ ಗಡಿ ಹತ್ತಿರ. ರೈಲಿಗೆ ಬಂದ್ರೆ ಸೈದಾಪುರದಲ್ಲಿ ಇಳಿಬೇಕು. ಈಗ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಿಂದಾಗಿ ಊರಿನ ಹೆಸರು ಪೇಪರಲ್ಲಿ ಆಗಾಗ ಬರುತ್ತೆ. ಬೇಸಿಗೆಯಲ್ಲಿ ಒಲೆ ಮುಂದೆ ನಿಂತ್ರೆ ಒಲೆ ಯಾವುದು, ನಾವು ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಅವ್ವನಿಗೆ ಮೈಕ್ರೋವೇವ್ ಕನ್ವೆಕ್ಷನ್ ಓವನ್ ತಂದುಕೊಟ್ಟಿದ್ದೆ. ಅವ್ವ ಅದರಲ್ಲಿ ಕೇಕ್ ಮಾಡಲಿಲ್ಲ ಬಿಡಿ. ಶೇಂಗಾ ಹುರಿದಳು, ಪಲ್ಯ ಬಿಸಿ ಮಾಡಿದಳು, ಕನ್ವೆಕ್ಷನ್ನಿನಲ್ಲಿ ಜೋಳದ ರೊಟ್ಟಿ ಕಡಕ್ ಮಾಡಿದಳು. ಓವನ್ ಕಂಡುಹಿಡಿದವನಿಗೂ ಇದು ಹೊಳೆದಿರಲಿಕ್ಕಿಲ್ಲ.

ಈ ಸಲ ಹೋದಾಗ ಬಾಗಿಲಲ್ಲೇ ಕಂಪ್ಲೇಂಟ್ ಬಂತು. "ಪೆಟ್ಟಿಗಿ ಕೆಟ್ಟದ ನೋಡಪಾ. ದೀಪ ಹತ್ತತದ, ತಾಟು ತಿರುಗತದ, ಒಳಗ ಇಟ್ಟಿದ್ದು ಬಿಸಿನೇ ಆಗಂಗಿಲ್ಲ. ರೊಟ್ಟಿ ಮಾತ್ರ ಕಡಕ್ ಆಗತಾವ, ತಡಾ ಆಗತದ ಅಷ್ಟ."

ಕಂಪನಿಗೆ ಫೋನ್ ಮಾಡಿದ್ರೆ ಟೆಕ್ನೀಷಿಯನ್ ಬರೋಕೆ ಎಂಟು ಹತ್ತು ದಿನ ಅಂದ್ರು. ಅಷ್ಟರಲ್ಲಿ ನಮ್ಮ ಓಣಿಯ ಹುಡುಗ ಬಂದ. ಐಟಿಐ ಎಲೆಕ್ಟ್ರಿಷಿಯನ್. ಹಗಲು ಫ್ಯಾಕ್ಟರಿ ಕೆಲಸ, ಸಂಜೆ ಓಣಿಯವರ ಮಿಕ್ಸಿ, ಫ್ಯಾನು, ಮೋಟರ್ ರಿಪೇರಿ. ನಿಜ ಹೇಳ್ತೀನಿ, ಕೈ ಚಳಕದಲ್ಲಿ ನಾನು ಅವನ ಕಾಲಿನ ಧೂಳಿಗೂ ಸಮ ಅಲ್ಲ. ಬಂದವನೇ ಓವನ್ ತಿರುಗಿಸಿ ಹಿಂದಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಹಚ್ಚಿದ.

"ತಡಿಯೋ" ಅಂದೆ.

"ಪ್ಲಗ್ ತಗದೀನಿ ಅಣ್ಣಾ, ಏನೂ ಆಗಂಗಿಲ್ಲ."

ನಮ್ಮ ಪುರಾಣದ ಮುಖ್ಯ ಅಧ್ಯಾಯ ಇದೇ. ಪ್ಲಗ್ ತೆಗೆದರೆ ಮಿಕ್ಸಿ ಸತ್ತ ಹಾವು. ಓವನ್ ಹಾಗಲ್ಲ. ಅದರೊಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಸುಮಾರು 2,000 ವೋಲ್ಟ್ ಮಾಡುತ್ತೆ. ಒಂದು ಕೆಪಾಸಿಟರ್, ಒಂದು ಡಯೋಡ್ ಸೇರಿ ಅದನ್ನು ಹೆಚ್ಚುಕಡಿಮೆ 4,000 ವೋಲ್ಟ್‌ಗೆ ಏರಿಸಿ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಆ ಕೆಪಾಸಿಟರ್ ಒಂದು ಮೈಕ್ರೋಫ್ಯಾರಡ್ ಆಸುಪಾಸು, 2,800 ವೋಲ್ಟ್ ತನಕ ತುಂಬಿಕೊಳ್ಳುತ್ತೆ. ಚಾರ್ಜ್ ತಾನಾಗಿಯೇ ಇಳಿಯಲಿ ಅಂತ ಒಳಗೆ ಒಂದು ರೆಸಿಸ್ಟರ್ ಇರುತ್ತೆ, ಆದರೆ ಅದು ಸುಟ್ಟುಹೋಗಿದ್ದರೆ ಹೊರಗಿನಿಂದ ಗೊತ್ತಾಗಲ್ಲ.

ಹುಡುಗ ನಕ್ಕ. "ಫ್ಯಾನಿನ ಕಂಡೆನ್ಸರ್ ದಿನಾ ಶಾರ್ಟ್ ಮಾಡ್ತೀನಿ. ಚಟ್ ಅಂತದ, ಆತು."

ಕಾಗದ ತಗೊಂಡು ಲೆಕ್ಕ ಮಾಡಿ ತೋರಿಸಿದೆ (ಬಿಇ ಮಾಡಿದ್ದು ಇಷ್ಟಕ್ಕಾದ್ರೂ ಉಪಯೋಗಕ್ಕೆ ಬಂತು). ಫ್ಯಾನಿನ ಎರಡೂವರೆ ಮೈಕ್ರೋಫ್ಯಾರಡ್ ಕಂಡೆನ್ಸರಿನಲ್ಲಿ ಹೆಚ್ಚುಕಡಿಮೆ 0.13 ಜೌಲ್. ಓವನ್ನಿನದರಲ್ಲಿ ನಾಲ್ಕು ಜೌಲ್ ಹತ್ತಿರ. ಮೂವತ್ತು ಪಟ್ಟು. ಅದೂ ಚರ್ಮವನ್ನು ಸುಲಭವಾಗಿ ದಾಟೋ ವೋಲ್ಟೇಜಿನಲ್ಲಿ. ಅವನ ಮಲ್ಟಿಮೀಟರ್ ಮೇಲೆ ಬರೆದಿದ್ದು 600 ವೋಲ್ಟ್. ಅದನ್ನು ಅಲ್ಲಿ ಹಚ್ಚಿದ್ರೆ ಮೀಟರ್ ಕೈಯಲ್ಲೇ ಸಿಡಿಯಬಹುದು. ಇನ್ನು ಓವನ್ ಓಡುವಾಗ ಮುಟ್ಟಿದ್ರೆ ಮನೆಯ ಆರ್‌ಸಿಸಿಬಿ ಕೂಡ ಬೀಳಲ್ಲ. ಟ್ರಾನ್ಸ್‌ಫಾರ್ಮರ್ ಆಚೆ ಬದಿ ಸೋರುವ ಕರೆಂಟು ಈಚೆಗೆ ಕಾಣೋದೇ ಇಲ್ಲ.

ಅವನು ಸುಮ್ಮನಾದ. ಆಮೇಲೆ ಮೆಲ್ಲಗೆ, "ಹಂಗಾರ ಇದು ಪೂರಾ ಹಾಳಾಗಿದ್ರ ಟ್ರಾನ್ಸ್‌ಫಾರ್ಮರ್ ನನಗ ಕೊಡಣ್ಣಾ" ಅಂದ. ಯಾಕೋ ಅಂದ್ರೆ ಮೊಬೈಲಲ್ಲಿ ವಿಡಿಯೋ ತೋರಿಸಿದ. ಕಟ್ಟಿಗೆ ಹಲಗೆ ಮೇಲೆ ಉಪ್ಪು ನೀರು ಸವರಿ, ಓವನ್ ಟ್ರಾನ್ಸ್‌ಫಾರ್ಮರಿನ ಎರಡು ವಯರ್ ಹಚ್ಚಿದ್ರೆ ಮಿಂಚಿನ ಆಕಾರದಲ್ಲಿ ಸುಟ್ಟು ಗೆರೆ ಬೀಳುತ್ತೆ. ನೋಡೋಕೆ ಚೆಂದವೇ. ತಂಗಿ ಮದುವೆಗೆ ಅಂಥ ಮಣೆ ಮಾಡಿಕೊಡಬೇಕಂತ ಅವನಿಗೆ ಆಸೆ. ನನ್ನ ಎದೆ ಧಸಕ್ ಅಂತು. ಇದನ್ನೇ ಮಾಡಲು ಹೋಗಿ ಅಮೆರಿಕದಲ್ಲಿ 30ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅಲ್ಲಿನ ಕಟ್ಟಿಗೆ ಕೆತ್ತನೆಯವರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿಯೂ ಬಿಟ್ಟಿದೆ. ಅದನ್ನು ಓದಿ ತೋರಿಸಿದೆ. ಅವನು ಫೋನ್ ಜೇಬಿಗೆ ಹಾಕಿಕೊಂಡ, ಏನೂ ಅನ್ನಲಿಲ್ಲ.

ಸರಿ, ಡಬ್ಬಿ ತೆರೆಯೋದಿಲ್ಲ ಅಂತಾಯ್ತು. ಹೊರಗಿನಿಂದಲೇ ಎಷ್ಟು ತಿಳಿಯುತ್ತೆ ನೋಡೋಣ ಅಂತ ಕೂತೆವು. ನಮ್ಮ ಡಿಬಗ್ಗಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಕನ್ವೆಕ್ಷನ್ ಓವನ್ನಿನಲ್ಲಿ ಎರಡು ಬೇರೆ ಬೇರೆ ಮಾಡ್ಯೂಲ್ ಇವೆ. ಹಿಂದೆ ಕಾಯಿಲ್ ಮತ್ತು ಫ್ಯಾನ್ ಒಂದು, ಮ್ಯಾಗ್ನೆಟ್ರಾನ್ ಇನ್ನೊಂದು. ಫ್ಯೂಸು, ಕಂಟ್ರೋಲ್ ಬೋರ್ಡು ಎರಡಕ್ಕೂ ಒಂದೇ. ರೊಟ್ಟಿ ಕಡಕ್ ಆಗ್ತಿದೆ ಅಂದ್ರೆ ಆ ಭಾಗ ಸರಿ ಇದೆ. ಆದರೆ ಅವ್ವ ಹೇಳಿದ್ದರಲ್ಲಿ ಒಂದು ಮಾತು ನನಗೆ ಕೊರೀತಾ ಇತ್ತು: ರೊಟ್ಟಿಗೂ "ತಡಾ ಆಗತದ".

ಒಂದು ಲೀಟರ್ ನೀರು ಇಟ್ಟು ಒಂದು ನಿಮಿಷ ಓಡಿಸಿ, ಕಲಕಿ, ಥರ್ಮಾಮೀಟರಿನಲ್ಲಿ ಎಷ್ಟು ಡಿಗ್ರಿ ಏರಿತು ಅಂತ ನೋಡಿ 70ರಿಂದ ಗುಣಿಸಿದ್ರೆ ಓವನ್ನಿನ ನಿಜವಾದ ವ್ಯಾಟ್ ಸಿಗುತ್ತೆ. ಸಂಜೆ ಏಳಕ್ಕೆ ನಾಲ್ಕು ಡಿಗ್ರಿ ಏರಿತು. ಅಂದ್ರೆ 280 ವ್ಯಾಟ್. ಲೇಬಲ್ ಮೇಲೆ ಇರೋದು 900! ಮರುದಿನ ಬೆಳಿಗ್ಗೆ ಐದೂವರೆಗೆ ಅದೇ ಪಾತ್ರೆ, ಅಷ್ಟೇ ನೀರು: ಹತ್ತು ಡಿಗ್ರಿ, 700 ವ್ಯಾಟ್. ಸಂಜೆ ಕೆಡುವ, ಬೆಳಿಗ್ಗೆ ಸುಧಾರಿಸುವ ಮ್ಯಾಗ್ನೆಟ್ರಾನ್ ಎಲ್ಲಾದರೂ ಉಂಟೇ?

ಈಗ ಹುಡುಗನ ಮೀಟರ್ ಕೆಲಸಕ್ಕೆ ಬಂತು. ಅಡುಗೆಮನೆಯಲ್ಲಿ ಸಂಜೆ 206 ವೋಲ್ಟ್. ಓವನ್ ಹಚ್ಚಿದ ಕೂಡಲೇ 178. ಪಕ್ಕದ ಕಾಕಾನ ಮನೆಗೂ ಅದೇ ಫೇಸು, ಅಲ್ಲಿ ಅದೇ ಹೊತ್ತಿಗೆ 205. ಕಾಯಿಲ್ ಬಡಪಾಯಿ, ವೋಲ್ಟೇಜ್ ಕಡಿಮೆಯಾದ್ರೆ ಕಡಿಮೆ ಕಾಯುತ್ತೆ, ತಡವಾದ್ರೂ ಕೆಲಸ ಮುಗಿಸುತ್ತೆ. ಮ್ಯಾಗ್ನೆಟ್ರಾನ್ ಜಂಬದ ಕೋಳಿ. ಒಂದು ಮಟ್ಟಕ್ಕಿಂತ ವೋಲ್ಟೇಜ್ ಕೆಳಗೆ ಹೋದ್ರೆ ಅಲೆ ಹುಟ್ಟಿಸೋದನ್ನೇ ಬಿಡುತ್ತೆ. ದೀಪ ಹತ್ತೋದು, ತಾಟು ತಿರುಗೋದು, ಟೈಮರ್ ಓಡೋದು ಎಲ್ಲಾ ನಾಟಕ.

ಓವನ್ ಹಚ್ಚಿದಾಗ ಮಾಯವಾಗೋ 28 ವೋಲ್ಟ್ ಎಲ್ಲಿ ಹೋಗ್ತಿತ್ತು? ಆರು ಆಂಪಿಯರ್ ಹರಿಯುವಾಗ ಅಂದ್ರೆ 160 ವ್ಯಾಟ್‌ಗೂ ಹೆಚ್ಚು ಶಾಖ ನಮ್ಮ ಮನೆ ಗೋಡೆಯಲ್ಲಿ ಎಲ್ಲೋ ಕೂತು ಉರೀತಾ ಇತ್ತು! ಅವ್ವ ಅಡುಗೆ ಬಿಸಿ ಆಗಲಿಲ್ಲ ಅಂತ ಇನ್ನೂ ಎರಡು ನಿಮಿಷ, ಇನ್ನೂ ಎರಡು ನಿಮಿಷ ಅಂತ ಗುಂಡಿ ಒತ್ತಿದಷ್ಟೂ ಅದು ಉರೀತಿತ್ತು. ಇದನ್ನು ಯೋಚನೆ ಮಾಡಿದಾಗ ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿಯವನು ದೊಡ್ಡ ಸ್ಟೆಬಿಲೈಸರ್ ಹಾಕಿಸ್ರಿ ಅಂದಿದ್ದನಂತೆ. ಹಾಕಿದ್ದರೆ ಅದು ಲೈನಿನಿಂದ ಇನ್ನೂ ಹೆಚ್ಚು ಕರೆಂಟ್ ಎಳೆದು ಆ ಬೆಂಕಿಗೇ ತುಪ್ಪ ಸುರಿಯುತ್ತಿತ್ತು.

ಜಾಗ ಹುಡುಕಿದ್ದು ಹುಡುಗ, ನಾನಲ್ಲ. ಮೂಗಿನಿಂದ ಹುಡುಕಿದ. ಓವನ್ ಆರಿಸಿ, ಮೊದಲು ಪ್ಲಗ್ ಹತ್ತಿರ ಮೂಸಿದ. ಓವನ್ ಇಳಿಸಿ ಹೋದವರು ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗಿಗೆ ಕನ್ವರ್ಟರ್ ಹಾಕಿ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿತ್ತು. ಆಮೇಲೆ ಮೇನ್ ಸ್ವಿಚ್ ಹತ್ತಿರ ಹೋಗಿ ನಿಂತ. "ಅಣ್ಣಾ, ಇಲ್ಲದ ನೋಡು." ಕಂಬದಿಂದ ಬಂದ ಅಲ್ಯೂಮಿನಿಯಂ ವಯರಿಗೆ ತಾಮ್ರದ ವಯರ್ ಸುಮ್ಮನೆ ಸುತ್ತಿ ಟೇಪ್ ಹಚ್ಚಿದ್ದರು. ಈ ಎರಡು ಲೋಹಕ್ಕೆ ಅತ್ತೆ ಸೊಸೆ ಸಂಬಂಧ. ಕಾಲ ಕಳೆದಂತೆ ನಡುವೆ ಆಕ್ಸೈಡ್ ಕಟ್ಟಿ, ಜಾಯಿಂಟೇ ಹೀಟರ್ ಆಗುತ್ತೆ. ಟೇಪ್ ಕರಗಿ ಕರ್ರಗೆ ಅಂಟಾಗಿತ್ತು.

ಅಲ್ಲಿಗೆ ಕೈ ಹಾಕೋಕೆ ನಮಗೆ ಅಧಿಕಾರವೂ ಇಲ್ಲ, ಧೈರ್ಯವೂ ಇಲ್ಲ. ಲೈನ್‌ಮನ್ ಬಂದು ಕಂಬದಲ್ಲೇ ಲೈನ್ ಬಿಚ್ಚಿ, ಎರಡು ಲೋಹಕ್ಕೂ ಆಗೋ ಕನೆಕ್ಟರ್ ಹಾಕಿಕೊಟ್ಟ. ಹುಡುಗ ಮೇನಿನಿಂದ ಅಡುಗೆಮನೆಗೆ ದಪ್ಪ ತಾಮ್ರದ ಬೇರೆ ಲೈನ್ ಎಳೆದು 16 ಆಂಪಿಯರ್ ಸಾಕೆಟ್ ಕೂರಿಸಿದ. ಅರ್ಥಿಂಗ್ ನೋಡೋಣ ಅಂತ ಫೇಸಿನಿಂದ ಅರ್ಥಿಗೆ 100 ವ್ಯಾಟ್ ಬಲ್ಬ್ ಹಚ್ಚಿದ್ರೆ ಮಿಣಮಿಣ. ಬೇಸಿಗೆಗೆ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಓವನ್ನಿನಲ್ಲಿ 2,000 ವೋಲ್ಟಿನ ಒಂದು ತುದಿ ಡಬ್ಬಿಗೇ ಕಟ್ಟಿರೋದರಿಂದ ಅರ್ಥಿಂಗ್ ಇಲ್ಲದ ಓವನ್ ಮನೆಯೊಳಗೆ ಇರಲೇಬಾರದು. ಹೊಸ ಪೈಪು, ಇದ್ದಲಿ, ಉಪ್ಪು, ನೀರು. ಅರ್ಧ ದಿನ ಅಗೆದೆವು.

ಆವತ್ತು ಸಂಜೆ ಏಳಕ್ಕೆ: 203 ವೋಲ್ಟ್, ಓವನ್ ಹಚ್ಚಿದ ಮೇಲೆ 199. ನೀರು ಹತ್ತು ಡಿಗ್ರಿ. ಮರುದಿನ ಬೆಳಿಗ್ಗೆ ಹನ್ನೆರಡು.

ಒಳಗಡೆ ರಿಪೇರಿ ಅಂತ ಆಗಿದ್ದು ಒಂದೇ. ಬಲಗಡೆ ಗೋಡೆಯ ಅಭ್ರಕದ ಹಾಳೆ (ನಮ್ಮ ಕಡೆ ಕಾಗೆಬಂಗಾರ ಅಂತಾರೆ) ಶೇಂಗಾ ಎಣ್ಣೆ ಸಿಡಿದು ಒಂದು ಮೂಲೆ ಇದ್ದಿಲಾಗಿತ್ತು, ಆಗಾಗ ಕಿಡಿ ಹಾರ್ತಿತ್ತಂತೆ. ಪ್ಲಗ್ ಕಿತ್ತು, ಬಾಗಿಲಿನ ಕಡೆಯಿಂದಲೇ ಹಳೆಯದನ್ನು ತೆಗೆದು, ಒರೆಸಿ, ಹೊಸ ಹಾಳೆ ಕತ್ತರಿಯಲ್ಲಿ ಕತ್ತರಿಸಿ ಹಾಕಿದ ಹುಡುಗ. ಹೊರಗಿನ ಡಬ್ಬಿಯ ಒಂದು ಸ್ಕ್ರೂನೂ ಬಿಚ್ಚಲಿಲ್ಲ. ಬಾಗಿಲಿನ ಲಾಕ್ ಸ್ವಿಚ್ಚುಗಳನ್ನು ಮಾತ್ರ ಮಿಕ್ಸಿ ಲಾಕಿನ ಹಾಗೆ ಯಾವತ್ತೂ ಶಾರ್ಟ್ ಮಾಡಬೇಡ ಅಂತ ಹೇಳಿದೆ. ಬಾಗಿಲು ತೆರೆದು ಓಡಿದ್ರೆ ಮೊದಲು ಹೋಗೋದು ಕಣ್ಣು. ಕಣ್ಣಿನ ಮಸೂರದಲ್ಲಿ ಶಾಖ ಒಯ್ಯೋಕೆ ರಕ್ತನಾಳಗಳೇ ಇಲ್ಲ.

ಆನ್‌ಸೈಟ್‌ನಲ್ಲಿರೋ ಗೆಳೆಯನಿಗೆ ಇದೆಲ್ಲಾ ಹೇಳಿದ್ರೆ ಬಿದ್ದು ಬಿದ್ದು ನಕ್ಕ. ಅವನು ರಜೆಗೆ ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ಹೋಗಿದ್ದನಂತೆ, ಮನೆಯನ್ನೇ ಹೊತ್ತ ಬಸ್ಸು. ಅದರಲ್ಲೂ ಇಂಥದೇ ಓವನ್, ಅದೂ ರಾತ್ರಿ ಬಿಸಿ ಆಗ್ತಿರಲಿಲ್ಲ. ಕ್ಯಾಂಪಿನವರೆಲ್ಲಾ ಒಟ್ಟಿಗೆ ಏಸಿ ಹಚ್ಚಿದಾಗ ಅಲ್ಲಿ 120 ವೋಲ್ಟ್ ಇಳಿದು ನೂರರ ಹತ್ತಿರ ಬರ್ತಿತ್ತಂತೆ, ಪ್ಲಗ್ಗಿನ ಪಿನ್ನೂ ಕಪ್ಪಾಗಿತ್ತಂತೆ. ಕಡೇಚೂರಾದ್ರೇನು, ಕ್ಯಾಲಿಫೋರ್ನಿಯಾ ಆದ್ರೇನು!

ಹುಡುಗ ಮೊನ್ನೆ ಫೋನ್ ಮಾಡಿದ್ದ. ಗುಜರಿ ಅಂಗಡಿಗೆ ಹಳೆ ಓವನ್ ಒಂದು ಬಂದಿದೆಯಂತೆ. ನಾನು ಉಸಿರು ಬಿಗಿಹಿಡಿದು "ಮತ್ತ?" ಅಂದೆ. "ಬಾಗಿಲ ಗಾಜು ಮತ್ತ ತಾಟು ತಗೊಂಡೀನಿ. ಉಳಿದದ್ದು ಅವರೇ ಇಟ್ಕೊಳ್ಳಿ ಅಂದೆ" ಅಂದ. ತಂಗಿಯ ಮಣೆಗೆ ಈಗ ಬೆಸುಗೆ ಹಾಕೋ ಕಡ್ಡಿಯಲ್ಲಿ ಹೂವು ಸುಡ್ತಾ ಇದ್ದಾನಂತೆ. ಫೋಟೋ ಕಳಿಸಿದ್ದಾನೆ, ಗೆರೆ ಸ್ವಲ್ಪ ಸೊಟ್ಟಗಿದೆ.